ಫಾಲ್ಸ್ ಸೀಲಿಂಗ್ ಹಿಂದೆ ತುಕ್ಕು ಹಿಡಿದ ಕಂಬಿ: ಮನೆ ಮಾರಿದವರನ್ನು ಕೇಳಬಹುದಾ?

ಹೊಸಮನೆ_ಮೈಸೂರು: 18 ವರ್ಷ ಹಳೆಯ ಸ್ವಂತ ಮನೆ, ಮಾಲೀಕರಿಂದಲೇ ಕೊಂಡಿದ್ದು. ಫೆಬ್ರವರಿಯಲ್ಲಿ ರಿಜಿಸ್ಟ್ರೇಷನ್. ಜೂನ್ ಮಳೆಗೆ ಹಾಲಿನ ಫಾಲ್ಸ್ ಸೀಲಿಂಗ್ ಉಬ್ಬಿತು. ಒಂದು ಜಿಪ್ಸಮ್ ಶೀಟ್ ಬಿಚ್ಚಿಸಿದರೆ ಸ್ಲ್ಯಾಬಿನ ಗಾರೆ ಉದುರಿದೆ, ಕಂಬಿ ತುಕ್ಕು, ಪಕ್ಕದಲ್ಲೇ ಹಳೇ ಪ್ಯಾಚ್. ಕ್ರಯಪತ್ರದಲ್ಲಿ "ಸ್ವತ್ತನ್ನು ಖುದ್ದು ನೋಡಿ ಒಪ್ಪಿರುತ್ತಾರೆ" ಅಂತಿದೆ. ರಿಪೇರಿ ದುಡ್ಡು ಕೇಳಬಹುದಾ? ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗಬಹುದಾ?

ಸಿವಿಲ್_ಕೋರ್ಟ್: ರೇರಾ ಮರೆತುಬಿಡಿ. ರೇರಾ ಕಾಯ್ದೆಯ 14(3)ನೇ ಕಲಂನಲ್ಲಿ ಕಟ್ಟಡದ ದೋಷಕ್ಕೆ 5 ವರ್ಷದ ಹೊಣೆ ಇರುವುದು ಕಟ್ಟಿ ಮಾರುವ ಪ್ರಮೋಟರ್ ಮೇಲೆ, ತಾನು ವಾಸವಿದ್ದ ಮನೆ ಮಾರಿದವರ ಮೇಲಲ್ಲ.

ನಿಮ್ಮ ಆಧಾರ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55(1)(ಎ). ಮಾರುವವರಿಗೆ ಗೊತ್ತಿದ್ದು, ನಿಮಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಅವರು ಹೇಳಲೇಬೇಕು. ಹೇಳದಿದ್ದರೆ ಅದೇ ಕಲಂ ಅದನ್ನು ವಂಚನೆ ಅನ್ನುತ್ತದೆ. ಆದರೆ ಕಲಂ ಶುರುವಾಗುವುದೇ "ಬೇರೆ ಕರಾರು ಇಲ್ಲದಿದ್ದಲ್ಲಿ" ಅಂತ. ಎದುರು ವಕೀಲರು "ನೋಡಿ ಒಪ್ಪಿದ್ದಾರೆ" ಸಾಲನ್ನು ಹಿಡಿದೇ ಹಿಡಿಯುತ್ತಾರೆ. ನೀವು ಒಪ್ಪಿದ್ದು ಕಂಡದ್ದನ್ನು, ಶೀಟಿನ ಹಿಂದೆ ಮುಚ್ಚಿಟ್ಟದ್ದನ್ನಲ್ಲ ಅನ್ನುವುದೇ ನಿಮ್ಮ ವಾದ. ಗೋಡೆಯ ಮೇಲೆ ಎದ್ದು ಕಾಣುವ ಬಿರುಕಾಗಿದ್ದರೆ ಈ ವಾದ ನಡೆಯುತ್ತಿರಲಿಲ್ಲ.

ಸ್ಲ್ಯಾಬ್_ಎಂಜಿನಿಯರ್: ದಯವಿಟ್ಟು ಈಗಲೇ ರಿಪೇರಿಗೆ ಕೈ ಹಾಕಬೇಡಿ, ಸಾಕ್ಷ್ಯ ಗಾರೆಯ ಜೊತೆ ಡೆಬ್ರಿ ಲಾರಿ ಹತ್ತುತ್ತದೆ. ಸ್ಲ್ಯಾಬಿಗೆ ಜಾಕಿ ಕೊಟ್ಟು ಭದ್ರ ಮಾಡಿ, ಅಷ್ಟೇ. ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಫಿನಾಲ್ಫ್ತಲೀನ್ ಪರೀಕ್ಷೆ ಮಾಡಿಸಿ. ಕಾಂಕ್ರೀಟನ್ನು ಹೊಸದಾಗಿ ಒಡೆದು, ಧೂಳು ಊದಿ, ದ್ರಾವಣ ಚಿಮುಕಿಸುತ್ತಾರೆ. ಕಾಂಕ್ರೀಟಿನ ಕ್ಷಾರ ಗುಣ ಉಳಿದಿರುವಲ್ಲಿ ಗುಲಾಬಿ ಬಣ್ಣ ಬರುತ್ತದೆ, ಕಾರ್ಬೊನೇಟ್ ಆದ, ಅಂದರೆ ಗಾಳಿ ತಗುಲಿ ಆ ಗುಣ ಕಳೆದುಕೊಂಡ ಪದರಕ್ಕೆ ಬಣ್ಣವೇ ಹತ್ತುವುದಿಲ್ಲ. ಆ ಪದರ ಕಂಬಿಯವರೆಗೆ ಮುಟ್ಟಿದ್ದರೆ ಅದು ನೀವು ಕೊಂಡ ಮೇಲಿನ ನಾಲ್ಕು ತಿಂಗಳಲ್ಲಿ ಆದದ್ದಲ್ಲ. ವರದಿಯಲ್ಲಿ ಪದರದ ಆಳ, ಕಂಬಿ ಎಷ್ಟು ಸವೆದಿದೆ, ರಿಪೇರಿ ಅಂದಾಜು ಮೂರೂ ಇರಲಿ.

ಸಿವಿಲ್_ಕೋರ್ಟ್: ದೋಷ ಹಳೇದು ಅಂದರೆ ಸಾಲದು, ಅವರಿಗೆ ಗೊತ್ತಿತ್ತು ಅಂತ ತೋರಿಸಬೇಕು. ಹೆಚ್ಚಿನ ಕೇಸು ಬೀಳುವುದೇ ಇಲ್ಲಿ. ನಿಮ್ಮ ಬಲ ಆ ಹಳೇ ಪ್ಯಾಚ್. ಅದನ್ನು ಹಾಕಿದ ಗಾರೆಯವರು, ಫಾಲ್ಸ್ ಸೀಲಿಂಗ್ ಕೂರಿಸಿದವರು, ವಾಟರ್‌ಪ್ರೂಫಿಂಗ್ ಬಿಲ್, ಹಿಂದಿನ ಬಾಡಿಗೆದಾರರು, ಬ್ರೋಕರ್ ಕಳಿಸಿದ ಫೋಟೊ, ಎಲ್ಲ ಹುಡುಕಿ. ವಾಟ್ಸಾಪ್ ಮೆಸೇಜ್ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು.

ಆಮೇಲೆ ವಕೀಲರ ನೋಟಿಸ್. 15 ದಿನ ಕೊಟ್ಟು, ಅವರೇ ಬಂದು ನೋಡಲಿ ಅಂತಲೂ ಬರೆಯಿರಿ. ಬಗ್ಗದಿದ್ದರೆ ಪರಿಹಾರಕ್ಕೆ ದಾವೆ, ಜೊತೆಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 26 ನಿಯಮ 9ರಡಿ, ಸ್ಥಳಕ್ಕೆ ಬಂದು ನೋಡಿ ಕೋರ್ಟಿಗೆ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಿಸಲು ಅರ್ಜಿ. ಕಮಿಷನರ್ ನೋಡಿ ಹೋದ ಮೇಲೆ ಕೋರ್ಟಿಗೆ ಮೆಮೊ (ಲಿಖಿತ ತಿಳಿವಳಿಕೆ) ಹಾಕಿ ರಿಪೇರಿ ಶುರು ಮಾಡಬಹುದು.

ಹೊಸಮನೆ_ಮೈಸೂರು: ಕ್ರಯವನ್ನೇ ರದ್ದು ಮಾಡಿಸಿದರೆ?

ಸಿವಿಲ್_ಕೋರ್ಟ್: ಕೇಳಬಹುದು, ವಿಷಯ ಗೊತ್ತಾದ ದಿನದಿಂದ 3 ವರ್ಷದೊಳಗೆ. ಆದರೆ ಮನೆ ವಾಪಸ್ ಕೊಡಬೇಕು, ಬ್ಯಾಂಕ್ ಸಾಲ ಇದ್ದರೆ ಅದನ್ನೂ ಬಿಡಿಸಬೇಕು. ಸ್ಲ್ಯಾಬ್ ಉಳಿಸುವಂತಿದ್ದರೆ ನಾನಂತೂ ಪರಿಹಾರವನ್ನಷ್ಟೇ ಕೇಳಿ ಅನ್ನುತ್ತೇನೆ.