‘ನಂಬಿಗಸ್ತ’ ದೇವರು: ಬಿಡಲೊಲ್ಲನೋ, ಬಿಡಲಾರನೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ನನ್ನ ಬೆನ್ನು ಹತ್ತಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಸಮಾಧಾನದಿಂದ ಓದಿ ನಿಮಗೆ ತೋಚಿದ್ದನ್ನು ಹೇಳಬೇಕು.

ದಾವಣಗೆರೆಯ ಮಂಡಿಪೇಟೆ ಹತ್ತಿರದ ಸಣ್ಣ ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ತಿಥಿ ಕಾರ್ಡು, ಹೀಗೆ ದಿನವೂ ಏನಾದರೂ ಬರುತ್ತಿರುತ್ತದೆ. ಹೋದ ತಿಂಗಳು ಹಿರಿಯೂರು ಕಡೆಯ ಅಜ್ಜಿಯೊಬ್ಬರು ಬಂದರು. ಗಂಡ ತೀರಿಕೊಂಡು ವರ್ಷ ತುಂಬುತ್ತಿತ್ತು, ಸ್ಮರಣೆಯ ಪ್ರಾರ್ಥನಾ ಕೂಟಕ್ಕೆ ಕಾರ್ಡು ಬೇಕಾಗಿತ್ತು. ಫೋಟೊ ಕೊಟ್ಟರು, ದಿನಾಂಕ ಹೇಳಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಎಂಟು ಮಡಿಕೆ ಮಡಿಚಿದ್ದ ಗೆರೆ ಹಾಳೆಯೊಂದನ್ನು ಮೇಜಿನ ಮೇಲೆ ನೀವಿ ಇಟ್ಟರು. ಪೆನ್ಸಿಲಿನಲ್ಲಿ ಒಂದೇ ಸಾಲು: “ನಾವು ತಪ್ಪಿದರೂ ದೇವರು ನಂಬಿಗಸ್ತನು.” ಫೋಟೊದ ಕೆಳಗೆ ಇದು ಬರಬೇಕು, ಒಂದಕ್ಷರ ಬದಲಾಗಬಾರದು ಅಂದರು.

ಅವರು ಹೋದ ಮೇಲೆ ಟೈಪ್ ಮಾಡುವ ಹುಡುಗ ಕೈ ನಿಲ್ಲಿಸಿದ. ಮಠದ ಹಾಸ್ಟೆಲಿನಲ್ಲಿ ಓದಿದವನು, ಕನ್ನಡದ ಮೇಲೆ ಪ್ರೀತಿ ಇರುವವನು. “ಸರ್, ನಂಬಿಗಸ್ತ ಅಂದ್ರೆ ಅಡತಿ ಅಂಗಡಿ ಗುಮಾಸ್ತರಿಗೆ ಹೇಳೋ ಮಾತಲ್ವಾ? ಗಲ್ಲಾದ ಕೀಲಿ ಕೊಟ್ಟು ಊರಿಗೆ ಹೋಗಬಹುದು, ಅಂಥ ನಂಬಿಗಸ್ತ ಆಳು ಅಂತಾರೆ. ದೇವರಿಗೆ ಹಂಗೆ ಹೇಳಿದ್ರೆ ದೇವರನ್ನ ಕೆಲಸಕ್ಕೆ ಇಟ್ಕೊಂಡಂಗೆ ಆಗಲ್ವಾ?”

ನಾನು ಹುಟ್ಟಿದಾಗಿನಿಂದ ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕೇಳಿಕೊಂಡು ಬಂದ ಪದ ಅದು. ಹೊರಗಿನ ಕಿವಿಗೆ ಹೇಗೆ ಕೇಳುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ನಂಬಿಗಸ್ತ ಆಳು, ನಂಬಿಗಸ್ತ ನಾಯಿ ಅನ್ನುತ್ತೇವೆ, ನಂಬಿಗಸ್ತ ಯಜಮಾನ ಅನ್ನುವುದಿಲ್ಲ. ಮೇಲಿನವನು ಕೆಳಗಿನವನಿಗೆ ಕೊಡುವ ಪ್ರಮಾಣಪತ್ರ ಅದು.

ಹಾಗಾದರೆ ಬೇರೆ ಪದ ಇದೆಯೇ? ‘ವಿಶ್ವಾಸಾರ್ಹ’ ಅಂದರೆ ಪತ್ರಿಕೆಯ ‘ವಿಶ್ವಾಸಾರ್ಹ ಮೂಲಗಳು’ ನೆನಪಾಗುತ್ತವೆ. ಅರ್ಹತೆಯನ್ನು ತೂಗಿ ನೋಡಿದವರು ನಾವು ಎಂಬ ಧ್ವನಿ ಅಲ್ಲೂ ಇದೆ. ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಹೋಗುವ ನನ್ನ ಕಥೋಲಿಕ ಗೆಳೆಯರು ನಾವು ‘ನಂಬಿಕೆ’ ಅನ್ನುವಲ್ಲೆಲ್ಲ ‘ವಿಶ್ವಾಸ’ ಅನ್ನುತ್ತಾರೆ. ಆದರೆ ವಿಶ್ವಾಸಕ್ಕೆ ನಮ್ಮ ಕಡೆ ಅಕ್ಕರೆ ಅನ್ನುವ ಅರ್ಥವೂ ಇದೆ. “ಆ ಮನೆಯವರು ನಮ್ಮನ್ನು ಬಾಳ ವಿಶ್ವಾಸದಿಂದ ಕಾಣ್ತಾರೆ” ಅಂದಾಗ ನಂಬುಗೆಯ ಮಾತೇ ಬರುವುದಿಲ್ಲ. ‘ನಿಯತ್ತು’ ಬಲವಾದ ಪದ, ಆದರೆ ಅದೂ ಉಂಡ ಮನೆಗೆ ಎರಡು ಬಗೆಯದವನ ಗುಣ. ‘ಸತ್ಯಸಂಧ’ ಅಂದ ಕೂಡಲೇ ಹರಿಶ್ಚಂದ್ರ ಬಂದು ನಿಲ್ಲುತ್ತಾನೆ. ಅವನು ಮಾತಿಗಾಗಿ ಹೆಂಡತಿ ಮಕ್ಕಳನ್ನೂ ಬಿಟ್ಟವನು. ಇಲ್ಲಿ ಬೇಕಾದದ್ದು ಬಿಡದವನ ಹೆಸರು.

‘ನಿಷ್ಠೆ’ಯ ಬಗ್ಗೆ ಹುಡುಗ ತಾನೇ ಹೇಳಿದ. ವೀರಶೈವರು ಭಕ್ತಿಯನ್ನು ಆರು ಹಂತವಾಗಿ ಹೇಳುವ ಷಟ್‌ಸ್ಥಲದಲ್ಲಿ ಮಹೇಶಸ್ಥಲದ ಭಕ್ತಿ ನಿಷ್ಠಾಭಕ್ತಿ. ನಿಷ್ಠೆ ಭಕ್ತನಿಗೆ ಇರಬೇಕಾದದ್ದು, ದೇವರಿಗೆ ಯಾರ ಮೇಲೆ ನಿಷ್ಠೆ, ಅಂದ. ಆ ಪ್ರಶ್ನೆಯಲ್ಲೇ ವಿಷಯ ಇದೆ ಅನ್ನಿಸಿತು ನನಗೆ. ಕ್ರೈಸ್ತ ನಂಬಿಕೆ ಹೇಳುವುದು ಆ ತಲೆಕೆಳಗಾದ ಮಾತನ್ನೇ. ಭಕ್ತನ ನಿಷ್ಠೆ ಮುರಿದುಬಿದ್ದ ಜಾಗದಲ್ಲಿ ದೇವರ ನಿಷ್ಠೆ ನಿಂತಿರುತ್ತದೆ.

ಈಗ ಪದದ ಒಡಲಿಗೆ ಬರುತ್ತೇನೆ. ಪತ್ರಿಕೆಗಳಲ್ಲಿ ‘ನಂಬಿಕಸ್ಥ’ ಎಂದು ಮಹಾಪ್ರಾಣ ಹಾಕಿ ಬರೆಯುತ್ತಾರೆ, ನಮ್ಮ ಹಳೆಯ ಬೈಬಲಿನಲ್ಲಿ ‘ನಂಬಿಗಸ್ತ’. ಕುಟುಂಬಸ್ಥ, ವ್ಯಾಪಾರಸ್ಥ, ಬಂಡವಾಳಸ್ಥ ಇವುಗಳ ಸಾಲಿನಲ್ಲಿಟ್ಟು ಓದಿದರೆ, ನಂಬಿಗೆಯಲ್ಲಿ ನೆಲೆನಿಂತವನು ಎಂದಾಗುತ್ತದೆ. ಸಂಸ್ಕೃತದ ‘ಸ್ಥಾ’, ನಿಲ್ಲು. ನಿಷ್ಠೆಯಲ್ಲಿರುವುದೂ ಅದೇ ಧಾತು. ಹೀಗೆ ಓದಿದಾಗ ಆಳು, ಯಜಮಾನ ಎಂಬ ಮೇಲುಕೀಳು ಕರಗಿ, ನಿಲ್ಲುವುದು ಮಾತ್ರ ಉಳಿಯುತ್ತದೆ. ನನಗೆ ಈ ಓದು ಹಿಡಿಸಿದೆ.

ಹಿಡಿಸಲು ಇನ್ನೊಂದು ಕಾರಣವೂ ಉಂಟು. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ಈ ಗುಣಕ್ಕೆ ‘ಎಮುನಾ’ ಅನ್ನುತ್ತಾರೆ. ಗಟ್ಟಿಯಾಗಿರು, ಅಲುಗದಿರು ಎಂಬುದು ಅದರ ಮೂಲ. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಹುಟ್ಟಿದ್ದೂ ಅದೇ ಮೂಲದಿಂದ. ಬಾಗಿಲ ಚೌಕಟ್ಟಿನ ಕಂಬಕ್ಕೂ ಅದೇ ಮೂಲದ ಹೆಸರು ಒಂದು ಕಡೆ ಬರುತ್ತದೆ. ಕೂಸನ್ನು ಎದೆಗವಚಿಕೊಂಡು ಸಾಕುವವಳಿಗೂ ಅದೇ ಮೂಲ: ರೂತಳ ಮಗುವನ್ನು ಅತ್ತೆ ನವೊಮಿ ಎತ್ತಿಕೊಂಡಾಗ ಬರುವ ಪದ ಅದು. ಇನ್ನು ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ‘ಎಮುನಾ’ ಬಂದಿರುವುದು ಕೈಗಳ ವಿಷಯದಲ್ಲಿ. ಅಮಾಲೇಕ್ಯರ ಮೇಲೆ ಯುದ್ಧ ನಡೆದಿದೆ, ಇಸ್ರಾಯೇಲ್ಯರ ನಾಯಕ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಸೋತು ಇಳಿಯುತ್ತವೆ. ಕೂರಲು ಒಂದು ಕಲ್ಲು ಇಟ್ಟು, ಆ ಕಡೆ ಆರೋನ, ಈ ಕಡೆ ಹೂರ ಅವನ ಕೈಗಳಿಗೆ ಆನಿಕೆ ಕೊಡುತ್ತಾರೆ. ಹೊತ್ತು ಮುಳುಗುವ ತನಕ ಅವನ ಕೈಗಳು ‘ಎಮುನಾ’ ಆಗಿದ್ದವು ಎನ್ನುತ್ತದೆ ಮೂಲ. ಅಂದರೆ, ಇಳಿಯದೆ ನಿಂತಿದ್ದವು.

ಇದನ್ನು ಓದಿದಾಗ ನನಗೆ ನಮ್ಮ ಕನ್ನಡವೇ ಎದುರಿಗೆ ಬಂದ ಹಾಗಾಯಿತು. ಈ ಗುಣವನ್ನು ನಾವು ದಿನನಿತ್ಯ ಹೇಳುವುದು ಕೈಯಿಂದಲೇ ಅಲ್ಲವೇ? ಚಳ್ಳಕೆರೆ ಕಡೆ ನಮ್ಮ ನೆಂಟರು ಫೋನಿನಲ್ಲಿ ಮಾತಿಗೆ ಮೊದಲೇ ಹೇಳುತ್ತಾರೆ, “ಮಳೆ ಕೈಕೊಡ್ತು, ಶೇಂಗಾ ಹೋತು.” ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಬಂದರೆ “ಈ ಸಲ ಜೋಳ ಕೈ ಹಿಡೀತು” ಅನ್ನುತ್ತಾರೆ. ಕಷ್ಟದಲ್ಲಿ ಬಿಟ್ಟು ಹೋದವನು ಕೈಬಿಟ್ಟ. ಮದುವೆಯಾದವನು ಕೈ ಹಿಡಿದವನು.

ಈ ಕೊನೆಯ ಅರ್ಥ ಪ್ರವಾದಿ ಹೋಶೇಯನಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಕ್ರಿಸ್ತಪೂರ್ವ 8ನೇ ಶತಮಾನದವನು. ಹೆಂಡತಿ ಬೇರೆಯವರ ಹಿಂದೆ ಹೋದಳು. ದೇವರು ಅವನಿಗೆ, ಹೋಗಿ ಮತ್ತೆ ಪ್ರೀತಿಸು ಅಂದ. ಅವನು 15 ಶೆಕೆಲ್ ಬೆಳ್ಳಿ, ಜೊತೆಗೆ ಒಂದಿಷ್ಟು ಜವೆಗೋದಿ ಅಳೆದು ಕೊಟ್ಟು ಅವಳನ್ನು ಬಿಡಿಸಿಕೊಂಡು ಬಂದ. ಪೂರ್ತಿ ಬೆಳ್ಳಿಯಲ್ಲಿ ಕೊಡದೆ ಕಾಳನ್ನೂ ಅಳೆದು ಕೊಟ್ಟಿದ್ದಾನೆ, ಮನೆಯಲ್ಲಿ ಇದ್ದುದನ್ನೆಲ್ಲ ಕೂಡಿಸಿದ ಹಾಗೆ ಕಾಣುತ್ತದೆ ನನಗೆ. ಆ ಪುಸ್ತಕದ 2ನೇ ಅಧ್ಯಾಯದಲ್ಲಿ ದೇವರು ತನ್ನ ಜನಕ್ಕೆ, ‘ಎಮುನಾ’ದಿಂದ ನಿನ್ನನ್ನು ವರಿಸುತ್ತೇನೆ ಅನ್ನುತ್ತಾನೆ. ಬಿಟ್ಟು ಹೋದವಳಿಗೆ ಹೇಳುವ ಮಾತು ಅದು. ಅಚ್ಚಗನ್ನಡದಲ್ಲಿ ‘ಕೈ ಹಿಡಿಯುತ್ತೇನೆ’ ಅಂದರೆ ಮದುವೆಯೂ ಬಂತು, ಬಿಡದಿರುವುದೂ ಬಂತು.

ಗ್ರೀಕಿನ ಸಮಸ್ಯೆ ಬೇರೆ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ‘ಪಿಸ್ತಿಸ್’ ಒಂದೇ ಪದ, ನಾವು ಇಡುವ ನಂಬಿಕೆಯೂ ಅದೇ, ನಂಬಿಗಸ್ತಿಕೆಯೂ ಅದೇ. ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಆದಿಸಭೆಯ ಬೋಧಕ ಪೌಲ, ಕೆಲವರ ‘ಅಪಿಸ್ತಿಯಾ’ (ಅಪನಂಬಿಕೆ) ದೇವರ ‘ಪಿಸ್ತಿಸ್’ಅನ್ನು ಇಲ್ಲವಾಗಿಸೀತೇ ಎಂದು ಕೇಳುತ್ತಾನೆ. ಒಂದೇ ಪದವನ್ನು ಎರಡು ಕಡೆಗೂ ಎಳೆದು ಕೇಳುವ ಪ್ರಶ್ನೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕೂತಾಗಿನಿಂದ ಇಲ್ಲಿಯವರೆಗೆ ಎಲ್ಲ ಅನುವಾದಕರೂ ಇದನ್ನು ಎದುರಿಸಿರಲೇಬೇಕು. ‘ನಂಬು’ವಿನಿಂದಲೇ ಎರಡನ್ನೂ ಕಟ್ಟಿದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ನಂಬಿಕೆ, ಅಪನಂಬಿಕೆ, ನಂಬಿಗಸ್ತ: ಕಿವಿಗೆ ನಂಟು ಕಾಣುತ್ತದೆ.

ಕರಡು ನೋಡಲು ಅಜ್ಜಿ ಮತ್ತೆ ಬಂದರು. ಹುಡುಗ ತಡೆಯಲಾರದೆ ಕೇಳಿಬಿಟ್ಟ, “ಅಜ್ಜಿ, ನಂಬಿಗಸ್ತ ಅಂದ್ರೆ ನಿಮ್ ಪ್ರಕಾರ ಏನು?” ಅವರು ಕುರ್ಚಿಯಲ್ಲಿ ಕೂತು, ಫೋಟೊದ ಮೇಲೆ ಬೆರಳಿಟ್ಟುಕೊಂಡೇ ಹೇಳಿದರು. “ಇವ್ರು ಕುಡಿತಕ್ಕೆ ಬಿದ್ದು ನನ್ನ ಕೈ ಬಿಟ್ರು, ಮಕ್ಕಳ ಕೈ ಬಿಟ್ರು, ಸಭೆ ಬಿಟ್ರು. ಹನ್ನೊಂದು ವರ್ಷ ಎಲ್ಲಿದ್ರೋ. ಸಾಯಾಕೆ ಮುಂಚೆ ಮೂರು ತಿಂಗಳು ಬಂದು ಮನೆಯಾಗೆ ಮಲಗಿದ್ರು. ನನಗೇನು ಅಷ್ಟು ದೊಡ್ಡ ಮನಸ್ಸು ಇರಲಿಲ್ಲಪ್ಪ, ನಾನೂ ಬೈದೆ. ಆತ ಮಾತ್ರ ಬಿಡ್ಲಾರದೆ ಹಿಡ್ಕೊಂಡಿದ್ದ, ಇವ್ರನ್ನೂ, ನನ್ನನ್ನೂ.”

‘ಬಿಡಲಾರದೆ’ ಅಂದರು. ‘ಬಿಡಲೊಲ್ಲದೆ’ ಅನ್ನಲಿಲ್ಲ.

ಅವರು ಹೋದ ಮೇಲೆ ಹುಡುಗ ಮತ್ತೆ ಕೇಳಿದ, ಸರ್ವಶಕ್ತ ಅಂತೀರಿ, ಆತನಿಗೆ ‘ಆರ’ ಅಂತ ಹೇಳಬಹುದಾ? ಇದೇ ನನ್ನ ಮುಖ್ಯ ಪ್ರಶ್ನೆ. ಕನ್ನಡದಲ್ಲಿ ಮೂರು ಬಗೆ ಇದೆ. ‘ಬಿಡನು’ ಅಂದರೆ ಬಿಡುವುದಿಲ್ಲ, ಅಷ್ಟೇ. ‘ಬಿಡಲೊಲ್ಲನು’ ಅಂದರೆ ಬಿಡಲು ಇಷ್ಟವಿಲ್ಲ. ಇಷ್ಟ ಅನ್ನುವುದು ನಾಳೆ ಬದಲಾದೀತು. ‘ಬಿಡಲಾರನು’ ಅಂದರೆ ವ್ಯಾಕರಣದ ಪ್ರಕಾರ ಬಿಡುವ ಶಕ್ತಿಯಿಲ್ಲ. ಆದರೆ ಬಳಕೆ ಹಾಗೆ ಹೇಳುತ್ತದೆಯೇ? ಕೂಸು ಜ್ವರದಲ್ಲಿ ನರಳುವಾಗ ತಾಯಿ ‘ನೋಡಲಾರೆ’ ಅನ್ನುತ್ತಾಳೆ. ಅವಳ ಕಣ್ಣಿಗೇನೂ ಆಗಿಲ್ಲ. ಮಗಳನ್ನು ಗಂಡನ ಮನೆಗೆ ‘ಕಳಿಸಲಾರದೆ ಕಳಿಸಿದೆವು’ ಅನ್ನುತ್ತೇವೆ. ಇಲ್ಲಿ ‘ಆರೆ’ ಎಂಬುದು ಬಲದ ಕೊರತೆಯಲ್ಲ. ನಾನು ನಾನಾಗಿರುವ ತನಕ ಇದು ನನ್ನಿಂದ ಆಗದು ಎಂಬ ಅರ್ಥ.

ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 2ನೇ ಅಧ್ಯಾಯ, 13ನೇ ವಚನ ಹೇಳುವುದೂ ಇಷ್ಟೇ: ನಾವು ನಂಬಿಗೆಗೆಟ್ಟರೂ ಆತ ನಂಬಿಗಸ್ತನಾಗಿ ಉಳಿಯುತ್ತಾನೆ, ಏಕೆಂದರೆ ಆತ ತನ್ನನ್ನು ತಾನೇ ಅಲ್ಲಗಳೆಯಲಾರನು. ಇದಕ್ಕೆ ಮುಂಚಿನ ಸಾಲು ಗಡುಸಾಗಿದೆ, ಮುಚ್ಚಿಡಬಾರದು: ನಾವು ಆತನನ್ನು ಅಲ್ಲಗಳೆದರೆ ಆತನೂ ನಮ್ಮನ್ನು ಅಲ್ಲಗಳೆಯುತ್ತಾನೆ ಎಂದಿದೆ. ಹಾಗಾಗಿ 13ನ್ನೂ ಎಚ್ಚರಿಕೆಯಾಗಿಯೇ ಓದುವವರಿದ್ದಾರೆ. ನಾನು ಹಾಗೆ ಓದಲಾರೆ, ಯೇಸುವಿನ ಶಿಷ್ಯ ಪೇತ್ರನಿಂದಾಗಿ. ಈ ‘ಅಲ್ಲಗಳೆ’ಗೆ ಇರುವ ಗ್ರೀಕ್ ಕ್ರಿಯಾಪದವೇ ಪೇತ್ರ ಯೇಸುವಿನ ಬಗ್ಗೆ ಮೂರು ಸಲ ‘ಆ ಮನುಷ್ಯನನ್ನು ಅರಿಯೆ’ ಅಂದ ಕಡೆಯೂ ಇದೆ. ಅವನು ಹಾಗಂದದ್ದು ಇದ್ದಲ ಬೆಂಕಿಯ ಪಕ್ಕ ಚಳಿ ಕಾಯಿಸಿಕೊಳ್ಳುತ್ತ ನಿಂತಾಗ. ಆ ‘ಇದ್ದಲ ಬೆಂಕಿ’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಯೋಹಾನನ 21ನೇ ಅಧ್ಯಾಯದಲ್ಲಿ. ಸತ್ತು ಎದ್ದ ಯೇಸು ದಡದಲ್ಲಿ ಅಂಥದೇ ಬೆಂಕಿ ಹಾಕಿ, ಮೇಲೆ ಮೀನು ಇಟ್ಟು ಕಾದಿದ್ದಾನೆ. ಯಾಕೆ ಹಾಗಂದೆ ಎಂದು ಕೇಳುವುದಿಲ್ಲ. ಊಟ ಮಾಡಿಸಿ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಕುರಿಗಳನ್ನು ಅವನ ಕೈಗೇ ಒಪ್ಪಿಸುತ್ತಾನೆ. ಅಲ್ಲಗಳೆದವನನ್ನು ಅಲ್ಲಗಳೆಯಲಾರದೆ ಹೋದ.

ಕಾರ್ಡು ಅಜ್ಜಿ ಬರೆದ ಹಾಗೆಯೇ ‘ನಂಬಿಗಸ್ತನು’ ಎಂದೇ ಅಚ್ಚಾಯಿತು, 150 ಪ್ರತಿ. ಹುಡುಗ ಆ ಸಾಲಿನ ಅಕ್ಷರವನ್ನು ತಾನಾಗಿಯೇ ಎರಡು ಪಾಯಿಂಟ್ ದೊಡ್ಡದು ಮಾಡಿದ್ದ.

ನಿಮ್ಮಲ್ಲಿ ಕೇಳುವುದು ಇವು. ನಿಮ್ಮ ಕಡೆ ‘ನಂಬಿಗಸ್ತ’ವನ್ನು ಆಳಿಗಲ್ಲದೆ ಯಜಮಾನನಿಗೆ, ತಂದೆಗೆ, ಗಂಡನಿಗೆ ಹೇಳುವುದು ಉಂಟೇ? ‘ಸ್ತ’ವೋ ‘ಸ್ಥ’ವೋ, ಹಳೆಯ ಕಾಗದಪತ್ರ, ಕಡತಗಳಲ್ಲಿ ನೀವು ಕಂಡದ್ದು ಯಾವುದು? ‘-ಲಾರ’ ರೂಪ ನಿಮ್ಮ ಮನೆಮಾತಿನಲ್ಲಿ ಇನ್ನೂ ಬದುಕಿದೆಯೇ, ಅಥವಾ ‘ಆಗಲ್ಲ’ ಅದನ್ನೂ ನುಂಗಿದೆಯೇ? ಹಿರಿಯೂರು, ಹೊಸದುರ್ಗದ ಕಡೆಯವರು ಯಾರಾದರೂ ಇದ್ದರೆ, ‘ಬಿಡ್ಲಾರದೆ ಹಿಡ್ಕೊಂಡಿದ್ದ’ ಎಂಬ ಮಾತನ್ನು ಮನೆಯ ಹಿರಿಯರ ಮುಂದೆ ಒಮ್ಮೆ ಹೇಳಿ, ಅವರಿಗೆ ಹೇಗೆ ಕೇಳಿಸಿತು ಎಂದು ಬರೆಯಿರಿ.