ಅಕ್ಕನ ಪ್ರೋಗ್ರೆಸಿವ್ ಎಂಎಸ್‌ಗೆ ಯಾವ ಔಷಧ ಖರೇನ ಕೆಲಸ ಮಾಡ್ತಾವ್ರಿ?

ಗದಗಿನ ತಂಗಿ:
ನಮಸ್ಕಾರ್ರಿ. ನಮ್ಮ ಅಕ್ಕಾಗ 47 ವರ್ಷ. ಮೂರು ವರ್ಷದಿಂದ ಬಲಗಾಲು ಎಳಕೊಂಡು ನಡೀತಿದ್ಲು, ಎಲ್ಲಾರೂ ಬೆನ್ನಿನ ನರ ಅಂದ್ರು, ಬೆಲ್ಟ್ ಹಾಕಿದ್ವಿ, ಎಣ್ಣಿ ತಿಕ್ಕಿದ್ವಿ, ಕಡೀಕ ಹುಬ್ಬಳ್ಯಾಗ ಎಂಆರ್‌ಐ ಮಾಡಿಸಿ ಬೆನ್ನಿನ ನೀರು ತಗದು ನೋಡಿದ ಮ್ಯಾಲೆ ಪ್ರೈಮರಿ ಪ್ರೋಗ್ರೆಸಿವ್ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು-ಬೆನ್ನಹುರಿ ನರದ ಹೊದಿಕಿ ಹಾಳಾಗೋ ರೋಗ; ಸುರುವಿನಿಂದನ ನಿಧಾನಕ ಹೆಚ್ಚಾಗೋ ಬಗಿ) ಅಂತ ಗೊತ್ತಾತು. ದಿನಾ ರಾತ್ರಿ ಫೋನ್ನ್ಯಾಗ ಹುಡುಕಾಕತ್ತೀನಿ, ಒಬ್ಬರು ಬಯೋಟಿನ್ ವಿಟಮಿನ್ ಅಂತಾರ, ಇನ್ನೊಬ್ಬರು ಕೊಲೆಸ್ಟ್ರಾಲ್ ಗುಳಗಿ ಅಂತಾರ, ಡಾಕ್ಟರ್ ಓಕ್ರೆಲಿಜುಮ್ಯಾಬ್ ಇಲ್ಲಾಂದ್ರ ರಿಟುಕ್ಸಿಮ್ಯಾಬ್ ಅಂತ ಬರದಾರ. ಮನ್ಯಾಗ ಹೊಲ ಮಾರೋ ಮಾತು ನಡದೈತಿ. ಯಾವುದಕ್ಕ ಪುರಾವೆ ಐತಿ ಹೇಳ್ರಿ.

ಧಾರವಾಡ, ಫಾರ್ಮಸಿ ಮಾಸ್ತರ:
ಬಯೋಟಿನ್ ಬಿಡ್ರಿ. ಮೊದಲ ಸಣ್ಣ ಟ್ರಯಲ್ ಆಸೆ ಹುಟ್ಟಿಸಿತ್ತು, 2020ರ ದೊಡ್ಡ ಟ್ರಯಲ್ಲಿನ್ಯಾಗ ಉಪಯೋಗ ಕಾಣಲಿಲ್ಲ, ಮ್ಯಾಲೆ ಥೈರಾಯ್ಡ್ ರಿಪೋರ್ಟನೂ ತಪ್ಪು ತೋರಸ್ತದ. ನೀವು ಹೇಳಿದ ಕೊಲೆಸ್ಟ್ರಾಲ್ ಗುಳಗಿ, ಸಿಮ್ವಾಸ್ಟಾಟಿನ್, ಬ್ರಿಟನ್ನಿನ್ಯಾಗ 964 ಮಂದಿ ಮ್ಯಾಲೆ ನೋಡಿದ್ರು, ಕೆಲವರಿಗೆ ಗುಳಗಿ, ಉಳದವರಿಗೆ ಪ್ಲಾಸಿಬೊ (ಔಷಧ ಗುಣ ಇಲ್ಲದ ತೋರಿಕಿ ಮದ್ದು), ಅವರದು ಸೆಕೆಂಡರಿ ಪ್ರೋಗ್ರೆಸಿವ್ (ಮೊದಲ ಬಂದು-ಹೋಗಿ ಆಮ್ಯಾಲೆ ಹೆಚ್ಚಾಗ್ತಾ ಹೋಗೂ ಬಗಿ), 2024ರಾಗ ಫಲಿತಾಂಶ ಬಂತು, ರೋಗ ನಿಧಾನ ಆಗಲಿಲ್ಲ.

ಓಕ್ರೆಲಿಜುಮ್ಯಾಬ್‌ಗೆ ಪುರಾವೆ ಅದ. ಪ್ರೈಮರಿ ಪ್ರೋಗ್ರೆಸಿವ್‌ಗೆ ಅಮೆರಿಕಾದಾಗ ಮೊದಲ ಅನುಮತಿ ಸಿಕ್ಕಿದ್ದು ಇದಕ್ಕ, 2017ರಾಗ. 732 ಮಂದಿ ಟ್ರಯಲ್ ಅದು, ಔಷಧ ತಗೊಂಡವರೊಳಗ ನೂರಕ್ಕ ಸುಮಾರು 33 ಮಂದಿಗೆ ರೋಗದ ತೊಂದ್ರಿ ಹೆಚ್ಚಾತು, ಪ್ಲಾಸಿಬೊದವರೊಳಗ 39. ಅಂದ್ರ ತಡೀತದ, ಸ್ವಲ್ಪ. ಹ್ವಾದ ಕಾಲು ತಿರುಗಿ ಕೊಡೂದಿಲ್ಲ, ಇದನ್ನ ಹೊಲ ಮಾರೂ ಮೊದಲ ಮನಿಯವರೆಲ್ಲಾ ಕೂತು ತಿಳ್ಕೋಬೇಕು. ರಿಟುಕ್ಸಿಮ್ಯಾಬ್ ಅದ ಜಾತಿ ಔಷಧ, ರೊಕ್ಕ ಕಡಿಮಿ. ಆದ್ರ 439 ಮಂದಿ ಟ್ರಯಲ್ಲಿನ್ಯಾಗ ಒಟ್ಟಾರೆ ಗೆಲ್ಲಲಿಲ್ಲ, 51ರ ಒಳಗಿನವರು ಮತ್ತ ಎಂಆರ್‌ಐದಾಗ ಕಾಂಟ್ರಾಸ್ಟ್ (ಸ್ಕ್ಯಾನಿನ್ಯಾಗ ಚುಚ್ಚೂ ಔಷಧ) ಹಿಡದ ಕಲೆ, ಅಂದ್ರ ರೋಗ ಈಗ ಚುರುಕಾಗಿರೂ ಗುರುತು, ಇದ್ದವರಿಗೆ ಲಾಭ ಆದಂಗ ಕಂಡಿತ್ತು. ರಿಪೋರ್ಟಿನ್ಯಾಗ ಆ ಸಾಲು ಹುಡುಕ್ರಿ ಮೊದಲ.

ಹಾವೇರಿ:
ತಂಗಿ, ನಮ್ಮ ಮನಿಯವರಿಗೆ ರಿಟುಕ್ಸಿಮ್ಯಾಬ್ ಡ್ರಿಪ್ ನಡದೈತಿ. ಸುರು ಮಾಡೂ ಮೊದಲ ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಆಗಬೇಕು, ಲಸಿಕೆ ಹಾಕಸೋದಿದ್ರ ಅದೂ ಮೊದಲ, ಯಾಕಂದ್ರ ಆಮ್ಯಾಲೆ ಸೋಂಕು ಲಗೂನ ಹತ್ತತೈತಿ, ನಮಗ ಯಾರೂ ಹೇಳಿರಲಿಲ್ಲ. ಕಾಲು ಸೆಟದ್ರ ಬ್ಯಾಕ್ಲೋಫೆನ್ ಕೊಡ್ತಾರ, ಅದನ್ನ ತಟ್ನ ಬಿಡಬ್ಯಾಡ್ರಿ. ಬ್ಯಾಸಿಗ್ಯಾಗ ಅಕ್ಕಾಗ ಕಾಲು ಪೂರಾ ಸೋತ್ರ ಗಾಬರಿ ಬ್ಯಾಡ, ಮೈ ಕಾದ್ರ ಹಂಗಾಕ್ಕೈತಿ, ಹಸಿ ಟವೆಲ್ ಹೊಚ್ಚಿ ಫ್ಯಾನ್ ಕೆಳಗ ಕೂಡ್ರಸ್ರಿ. 2016ರ ಅಂಗವಿಕಲರ ಕಾಯ್ದೇದಾಗ ಎಂಎಸ್ ಹೆಸರು ಐತಿ, ಕಾರ್ಡಿಗೆ ಅರ್ಜಿ ಹಾಕ್ರಿ.

ಗದಗಿನ ತಂಗಿ:
ರಿಪೋರ್ಟ್ ತಗದು ನೋಡಿದ್ನಿರಿ, ಬೆನ್ನಹುರಿಯೊಳಗ ಒಂದು ಕಲೆ ಕಾಂಟ್ರಾಸ್ಟ್ ಹಿಡದೈತಿ ಅಂತ ಬರದಾರ. ಸೋಮವಾರ ಅಕ್ಕನ್ನ ಕರಕೊಂಡು ಹೊಂಟೀವಿ. ಅಲ್ಲೀತನ ಹೊಲದ ಮಾತು ಎತ್ತಬ್ಯಾಡ ಅಂತ ಅಣ್ಣಾಗ ಹೇಳೀನಿ.