ಹುಳಿ ಹಾಕುವುದಕ್ಕೆ ಎಲೆಕೋಸು: ಬೀಜಕ್ಕಿಂತ ಮೊದಲು ತಿಂಗಳು ನೋಡಿ

ಅಕ್ಕ, ಸಕಲೇಶಪುರದ ಹತ್ತಿರ ಮನೆ ಹಿಂದೆ ಎರಡು ಗುಂಟೆ ಜಾಗ ಇದೆ, ಸಾವರ್‌ಕ್ರೌಟ್, ಅಂದರೆ ಉಪ್ಪು ಬೆರೆಸಿ ಭರಣಿಯಲ್ಲಿ ಹುಳಿ ಬರಿಸಿದ ಕೋಸು, ಹಾಕುವುದಕ್ಕೆಂದೇ ಎಲೆಕೋಸು ಬೆಳೆಯಬೇಕು, ನಮ್ಮ ಹವೆಗೆ ಯಾವ ತಳಿ ಆಗುತ್ತದೆ ಎಂದು ಕೇಳಿದ್ದೀರಿ. ಏಪ್ರಿಲ್‌ನಲ್ಲಿ ಅಂಗಡಿ ಕೋಸು ತಂದು ಹಾಕಿದ್ದು ಎಂಟು ದಿನಕ್ಕೇ ಮೆತ್ತಗಾಯಿತು ಎಂದೂ ಬರೆದಿದ್ದೀರಿ. ನಾನು ಬೇಲೂರು ಕಡೆಯವನು. ಐದು ವರ್ಷದಿಂದ ಬೆಳೆದು ಭರಣಿಗೆ ಹಾಕುತ್ತಿದ್ದೇನೆ. ಮೂಡಿಗೆರೆಯಲ್ಲಿ ನನ್ನ ತಂಗಿ, ಅರಸೀಕೆರೆಯಲ್ಲಿ ಭಾವ, ಇಬ್ಬರೂ ಹಾಕುತ್ತಾರೆ. ಮೂವರೂ ಕಲಿತದ್ದನ್ನು ಸೇರಿಸಿ ಹೇಳುತ್ತೇನೆ.

ಕೋಸು ಗಟ್ಟಿಯಾಗಿ ಗಡ್ಡೆ ಕಟ್ಟಬೇಕಾದರೆ 15ರಿಂದ 20 ಡಿಗ್ರಿ ಹವೆ ಬೇಕು. ಸೆಕೆ ಜಾಸ್ತಿಯಾದರೆ ಎಲೆ ಸಡಿಲವಾಗುತ್ತದೆ. ಭರಣಿಯಲ್ಲಿ ನಿಧಾನವಾಗಿ ಹುಳಿ ಬರುವುದಕ್ಕೂ 18ರಿಂದ 22 ಡಿಗ್ರಿ ಇದ್ದರೆ ಒಳ್ಳೆಯದು. ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಯಲ್ಲಿ ಹೊಲಕ್ಕೂ ಅಡುಗೆಮನೆಗೂ ಒಟ್ಟಿಗೆ ತಂಪು ಸಿಗುವುದು ಡಿಸೆಂಬರ್, ಜನವರಿಯಲ್ಲಿ. ಹಗಲು ಬಿಸಿಲಿದ್ದರೂ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಜನವರಿಯಲ್ಲಿ ಕೊಯ್ಲು ಎಂದು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಸೆಪ್ಟೆಂಬರ್ ನಡುವೆ, ಉತ್ತರೆ ಮಳೆ ಹೊತ್ತಿಗೆ ಒಟ್ಲು, ಅಂದರೆ ಸಸಿಮಡಿ, ಹಾಕಿ. ನಾಲ್ಕು ವಾರದ ಸಸಿಯನ್ನು ಚಿತ್ತೆ ಮಳೆಯಲ್ಲಿ ನಾಟಿ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ನರ್ಸರಿಯಿಂದ ಸಸಿ ತಂದು ನೆಟ್ಟೆ. ಮಾರ್ಚ್‌ನಲ್ಲಿ ಗಡ್ಡೆ ನೋಡುವುದಕ್ಕೆ ದೊಡ್ಡದಾಗಿಯೇ ಇತ್ತು. ಎರಡು ಹೋಳು ಮಾಡಿದರೆ ಎಲೆ ಎಲೆಯ ನಡುವೆ ಬೆರಳು ತೂರುವಷ್ಟು ಜಾಗ. ಭರಣಿಗೆ ಹಾಕಿದ ಆರನೇ ದಿನಕ್ಕೆ ನಿಮ್ಮದರ ಹಾಗೇ ಮುದ್ದೆಯಾಯಿತು. ಹುಳಿ ಬರಿಸುವ ಬ್ಯಾಕ್ಟೀರಿಯಾ ಎಲೆಯ ಮೇಲೇ ಇರುತ್ತವೆ. ಮೊದಲು ಲ್ಯೂಕೊನೊಸ್ಟಾಕ್ ಎನ್ನುವ ಜಾತಿ ಕೆಲಸ ಶುರು ಮಾಡುತ್ತದೆ, ಹುಳಿ ಏರಿದ ಮೇಲೆ ಲ್ಯಾಕ್ಟೊಬ್ಯಾಸಿಲಸ್ ಮುಂದುವರಿಸುತ್ತದೆ. ಒಳ್ಳೆಯ ಪರಿಮಳ ಕೊಡುವ ಮೊದಲನೆಯದಕ್ಕೆ ತಂಪು ಬೇಕು. ಸೆಕೆಯಲ್ಲಿ ಅದಕ್ಕೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಕೈ ತಪ್ಪು ಮಾಡಿದ್ದಲ್ಲ ಅಕ್ಕ, ಕಾಲ ಸರಿಯಿರಲಿಲ್ಲ.

ಇನ್ನು ತಳಿ. ಎಲ್ಲಾ ಕಡೆ ಸಿಗುವುದು ಗೋಲ್ಡನ್ ಏಕರ್. ನೆಟ್ಟು 60-65 ದಿನಕ್ಕೆ ಬರುತ್ತದೆ, ಗಡ್ಡೆ ಒಂದು, ಒಂದೂವರೆ ಕೇಜಿ. ಪಲ್ಯಕ್ಕೆ ತುಂಬಾ ಚೆನ್ನ. ಹುಳಿ ಬರಿಸುವುದಕ್ಕೆ ಎಲೆ ಸ್ವಲ್ಪ ತೆಳು, ಆದರೂ ಅರಸೀಕೆರೆಯಂಥ ಒಣಸೀಮೆಯಲ್ಲಿ ಚಳಿ ಬೇಗ ಮುಗಿಯುವುದರಿಂದ ಭಾವ ಅದನ್ನೇ ನೆಚ್ಚಿಕೊಂಡಿದ್ದಾರೆ. ಒಮ್ಮೆ ಅವರು ಚಪ್ಪಟೆ ಗಡ್ಡೆಯ ಡ್ರಮ್‌ಹೆಡ್ ಹಾಕಿದ್ದರು. ಅದು ನಿಧಾನದ ತಳಿ, ಉದ್ದ ಚಳಿಗಾಲ ಕೇಳುತ್ತದೆ. ಗಡ್ಡೆ ತುಂಬುವ ಮೊದಲೇ ಬಿಸಿಲು ಬಂತು. ನಿಮಗೆ ಮತ್ತು ನನಗೆ 80-90 ದಿನದ, ದುಂಡನೆಯ, ಒಳಗೆ ಬೆಳ್ಳಗಿರುವ ಹೈಬ್ರಿಡ್ ಸರಿ. ಪ್ಯಾಕೆಟ್ ಮೇಲೆ ದಿನ ಎಷ್ಟು ಎಂದು ನೋಡಿಯೇ ಕೊಳ್ಳಿ. ಜರ್ಮನಿಯಲ್ಲಿ ಸ್ಟುಟ್‌ಗಾರ್ಟ್ ಪಕ್ಕದ ಫಿಲ್ಡರ್ ಸೀಮೆಯ ಚೂಪು ಕೋಸು ಇದಕ್ಕೆ ಹೆಸರುವಾಸಿ, ಅದರ ಬೀಜ ತರಿಸಲೇ ಎಂದು ತಂಗಿ ಕೇಳಿದ್ದಳು. ನಾನೇ ಬೇಡ ಎಂದೆ. ಆ ಚಳಿ ನಮ್ಮಲ್ಲಿ ಇಲ್ಲ. ಬೀಜ ಉಳಿಸಿಕೊಳ್ಳುವ ಆಸೆಯೂ ಬೇಡ. ಕೋಸು ಹೂ ಬಿಡುವುದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು.

ನಿಮ್ಮ ಕಡೆ ಮಣ್ಣು ಹುಳಿ ಇರುತ್ತದೆ ಅಲ್ವಾ? ಕೋಸಿಗೆ ರಸಸಾರ (ಪಿ.ಎಚ್.) 6ರ ಮೇಲಿದ್ದರೆ ಒಳ್ಳೆಯದು. ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಮಣ್ಣು ತೋರಿಸಿ, ಸುಣ್ಣ ಬೇಕಾದರೆ ನಾಟಿಗೆ ಮೂರು ನಾಲ್ಕು ವಾರ ಮುಂಚೆಯೇ ಹಾಕಿ. ಮಡಿ ಎತ್ತರ ಮಾಡಿ. ಒಂದು ವರ್ಷ ತಂಗಿಯ ತೋಟದಲ್ಲಿ ಹಿಂಗಾರು ಬಿಡದೆ ಸುರಿದು, ಎಲೆಯ ಅಂಚಿನಿಂದ ಒಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಹಳದಿ ಬಂದು ನರ ಕಪ್ಪಾಯಿತು. ಅದು ಕಪ್ಪು ಕೊಳೆ ರೋಗ. ಅಂಥ ಗಿಡ ಕಿತ್ತು ದೂರ ಹಾಕಿ, ಆ ಜಾಗಕ್ಕೆ ಎರಡು ಮೂರು ವರ್ಷ ಕೋಸು, ಸಾಸಿವೆ, ಮೂಲಂಗಿ ಹಾಕಬೇಡಿ.

ಎಲೆ ತೂತು ಮಾಡುವ ಸಣ್ಣ ಹಸಿರು ಹುಳುವಿಗೆ, ಅಂದರೆ ವಜ್ರಬೆನ್ನಿನ ಪತಂಗದ ಮರಿಗೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಉಪಾಯ ಸಾಸಿವೆ. 25 ಸಾಲು ಕೋಸಿಗೆ 2 ಸಾಲು ಸಾಸಿವೆ, ಒಂದು ಸಾಲನ್ನು ನಾಟಿಗೆ 15 ದಿನ ಮೊದಲೇ, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆ ಮೇಲೆ ಮೊಟ್ಟೆ ಇಡುತ್ತದೆ. ನಾನು ಮಡಿಯ ಎರಡು ಅಂಚಿಗೂ ಹಾಕಿ, ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ. ಹಸಿಯಾಗಿ ತಿನ್ನುವ ಪದಾರ್ಥ ಇದು, ರಾಸಾಯನಿಕ ಔಷಧಿ ಬೇಡವೇ ಬೇಡ. ಯೂರಿಯಾನೂ ಸುರಿಯಬೇಡಿ, ಗಡ್ಡೆ ನೀರು ನೀರಾಗುತ್ತದೆ. ಕೊಟ್ಟಿಗೆ ಗೊಬ್ಬರ ಸಾಕು.

ಕೊಯ್ಯುವ ದಿನ ಹೀಗೆ ಗೊತ್ತಾಗುತ್ತದೆ: ಹೆಬ್ಬೆರಳಲ್ಲಿ ಒತ್ತಿದರೆ ಗಡ್ಡೆ ಜಗ್ಗಬಾರದು. ವಾರ ಮುಂಚೆ ನೀರು ಕಡಿಮೆ ಮಾಡಿ, ಇಲ್ಲದಿದ್ದರೆ ಬಿರಿಯುತ್ತದೆ. ಕೊಯ್ದ ಮೇಲೆ ಒಂದು ದಿನ ನೆರಳಲ್ಲಿಡಿ. ಈಳಿಗೆಮಣೆಯಲ್ಲಿ ಸಣ್ಣಗೆ ಹೆಚ್ಚಿ ತೂಕ ಮಾಡಿ. ಒಂದು ಕೇಜಿಗೆ 20ರಿಂದ 25 ಗ್ರಾಂ ಉಪ್ಪು. ಕಣ್ಣಳತೆ ಬೇಡ. ಕಲ್ಲುಪ್ಪಾದರೆ ಕುಟ್ಟಿ ಹಾಕಿ. ಹತ್ತು ನಿಮಿಷ ಕೈಯಲ್ಲಿ ಹಿಸುಕಿ. ಮೊದಲು ಗರಗರ ಎನ್ನುವ ಕೋಸು ನಿಧಾನವಾಗಿ ಬೆವರಿ, ಆಮೇಲೆ ಮುಷ್ಟಿ ಒತ್ತಿದರೆ ಬೆರಳ ಸಂದಿಯಿಂದ ನೀರು ಇಳಿಯುತ್ತದೆ. ಆಗ ಪಿಂಗಾಣಿ ಭರಣಿಗೆ ಒತ್ತಿ ತುಂಬಿ. ಮೇಲೆ ಒಂದು ಇಡೀ ಎಲೆ, ಅದರ ಮೇಲೆ ಕುದಿಸಿ ಆರಿಸಿದ ಕರಿಗುಂಡುಕಲ್ಲು. ಸುಣ್ಣದ ಅಂಶದ ಕಲ್ಲು ಹುಳಿಗೆ ಕರಗುತ್ತದೆ, ಅದು ಬೇಡ. ಚೂರೂ ನೀರಿನ ಮೇಲೆ ಬರಬಾರದು, ಮಾವಿನ ಮಿಡಿ ಹಾಕುವಾಗ ನೋಡಿಕೊಳ್ಳುವ ಹಾಗೆಯೇ. ಮುಚ್ಚಳ ಬಿಗಿ ಬೇಡ, ಗಾಳಿ ಹೊರಗೆ ಬರುತ್ತದೆ.

ಬಿಳಿ ತೆಳು ಪೊರೆ ಬಂದರೆ ತೆಗೆದು ಹಾಕಿ, ಹೆದರಬೇಡಿ. ಬಣ್ಣದ ಬೂಸಲು ಅಥವಾ ಕೊಳೆತ ವಾಸನೆ ಬಂದರೆ ಮಾತ್ರ ಪೂರ್ತಿ ಚೆಲ್ಲಿಬಿಡಿ. ನನ್ನದು ಜನವರಿಯಲ್ಲಿ ಮೂರರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಆಮೇಲೆ ಫ್ರಿಜ್‌ಗೆ.

ಮಣ್ಣಿನ ಪರೀಕ್ಷೆ ಕಾಗದ ಬಂದ ಮೇಲೆ ರಸಸಾರ ಎಷ್ಟು ಎಂದು ಬರೆಯಿರಿ ಅಕ್ಕ. ಮೂಡಿಗೆರೆ ಮಣ್ಣಿಗೆ ತಂಗಿ ಎಷ್ಟು ಸುಣ್ಣ ಹಾಕಿದಳು ಎಂದು ಕೇಳಿ ಹೇಳುತ್ತೇನೆ.